ದೊಡ್ಡ ಹೆಸರಿನ ಯೂನಿವರ್ಸಿಟಿ, ಗಡಿನಾಡಿನ ಮನೆ: ಸೀಟಿಗೂ ಫೀಸಿಗೂ ದಾರಿ

ಹಾರ್ವರ್ಡ್, ಎಂಐಟಿ, ಐಐಟಿ ಅಂತ ಹೆಸರೆತ್ತಿದರೆ ಕಾಸರಗೋಡಿನ ನಮ್ಮ ಮನೆಗಳಲ್ಲಿ ಮೊದಲು ಬರುವ ಮಾತು "ಅದೆಲ್ಲ ನಮಗೆ ಹೇಳಿದ್ದಲ್ಲ". ಮಾತು ಅಲ್ಲಿಗೇ ಮುಗಿಯುತ್ತದೆ. ಮಗುವಿಗೆ ಬುದ್ಧಿ ಕಡಿಮೆ ಅಂತ ಯಾರೂ ಹಾಗೆ ಹೇಳುವುದಿಲ್ಲ. ಫೀಸು ನೆನೆದು ಹೇಳುತ್ತಾರೆ. ಆದರೆ ಆ ಫೀಸಿನ ಲೆಕ್ಕವನ್ನು ಯಾರೂ ಕೂತು ಮಾಡಿ ನೋಡಿರುವುದಿಲ್ಲ.

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಪ್ಲಸ್ ವನ್, ಪ್ಲಸ್ ಟು ಓದುವ ಮಕ್ಕಳಿಗೂ ಅವರ ಅಪ್ಪ ಅಮ್ಮನಿಗೂ ಇದನ್ನು ಬರೆಯುತ್ತಿದ್ದೇನೆ. ನಾನು ಹೇಳಬೇಕೆಂದಿರುವುದು ಒಂದೇ. ಪರೀಕ್ಷೆಯಿಂದ ಶುರು ಮಾಡಬೇಡಿ, ಹಣದಿಂದ ಶುರು ಮಾಡಿ. ಯಾವ ಕಾಲೇಜು ನಿಮ್ಮ ಮನೆಯ ಆದಾಯ ನೋಡಿ ಫೀಸು ಇಳಿಸುತ್ತದೆ ಅಂತ ಮೊದಲು ತಿಳಿದುಕೊಂಡರೆ, ಎಲ್ಲಿಗೆ ಅರ್ಜಿ ಹಾಕಬೇಕು, ಎಲ್ಲಿಗೆ ಬೇಡ ಅನ್ನುವುದು ಅರ್ಧ ನಿರ್ಧಾರ ಆದ ಹಾಗೆ.

1. ಬೋರ್ಡಿನ ಮೇಲಿನ ಫೀಸು ನೋಡಿ ಹೆದರಬೇಡಿ

ಹಾರ್ವರ್ಡಿನಲ್ಲಿ ಫೀಸು, ಹಾಸ್ಟೆಲ್, ಊಟ ಎಲ್ಲ ಸೇರಿದರೆ ವರ್ಷಕ್ಕೆ 80 ಸಾವಿರ ಡಾಲರ್ ದಾಟುತ್ತದೆ. ನಮ್ಮ ಲೆಕ್ಕದಲ್ಲಿ ಸುಮಾರು 70 ಲಕ್ಷ ರೂಪಾಯಿ. ಒಂದು ವರ್ಷಕ್ಕೆ! ಆದರೆ ಅದೇ ಹಾರ್ವರ್ಡ್, ವರ್ಷಕ್ಕೆ 1 ಲಕ್ಷ ಡಾಲರ್‌ಗಿಂತ ಕಡಿಮೆ ಆದಾಯದ ಮನೆಯಿಂದ, ಬೇರೆ ದೊಡ್ಡ ಆಸ್ತಿ ಇಲ್ಲದಿದ್ದರೆ, ಏನನ್ನೂ ಕೇಳುವುದಿಲ್ಲ. 2025-26ರಿಂದ ಈ ಮಿತಿ ಜಾರಿಯಲ್ಲಿದೆ. 1 ಲಕ್ಷ ಡಾಲರ್ ಅಂದರೆ 85 ಲಕ್ಷ ರೂಪಾಯಿಗೂ ಮೇಲೆ. ನಮ್ಮೂರಲ್ಲಿ ಅಷ್ಟು ವರಮಾನ ಇರುವ ಮನೆ ಎಷ್ಟಿದೆ ಹೇಳಿ? ಈ ಸಹಾಯ ಅಮೆರಿಕದ ಮಕ್ಕಳಿಗೆ ಮಾತ್ರ ಅಂತಲ್ಲ, ಹೊರದೇಶದ ಮಕ್ಕಳಿಗೂ ಇದೆ.

ಇಲ್ಲಿ ಒಂದು ವ್ಯತ್ಯಾಸ ಗಟ್ಟಿಯಾಗಿ ತಿಳಿದುಕೊಳ್ಳಬೇಕು. ಕೆಲವು ಕಾಲೇಜುಗಳು ಸೀಟು ಕೊಡುವಾಗ ನಿಮಗೆ ಹಣ ಬೇಕೋ ಬೇಡವೋ ಅಂತ ನೋಡುವುದೇ ಇಲ್ಲ. ಸೀಟು ಕೊಟ್ಟ ಮೇಲೆ ಬೇಕಾದಷ್ಟನ್ನು ತುಂಬಿಕೊಡುತ್ತವೆ. ಹಣದ ಅಗತ್ಯ ನೋಡದೆ ಸೀಟು ಕೊಡುವುದಕ್ಕೆ ನೀಡ್ ಬ್ಲೈಂಡ್ ಅನ್ನುತ್ತಾರೆ. ಹೊರದೇಶದವರಿಗೂ ಇವೆರಡನ್ನೂ ಮಾಡುವ ಕಾಲೇಜುಗಳು ಬೆರಳೆಣಿಕೆಯಷ್ಟು, ಮುಖ್ಯವಾಗಿ: ಹಾರ್ವರ್ಡ್, ಎಂಐಟಿ, ಯೇಲ್, ಪ್ರಿನ್ಸ್‌ಟನ್, ಆಮ್ಹರ್ಸ್ಟ್, 2022ರಿಂದ ಡಾರ್ಟ್‌ಮತ್ ಮತ್ತು ಬೋಡನ್, ಈಚೆಗೆ ಬ್ರೌನ್. ಸ್ಟ್ಯಾನ್‌ಫರ್ಡ್, ಕೊಲಂಬಿಯಾ, ಕಾರ್ನೆಲ್ ಥರದವು ಹೊರದೇಶದವರ ವಿಷಯದಲ್ಲಿ ಹಣದ ಅಗತ್ಯವನ್ನೂ ನೋಡಿಯೇ ಸೀಟು ಕೊಡುತ್ತವೆ. ಅಲ್ಲಿ ಸಹಾಯ ಕೇಳಿದರೆ ಸ್ಪರ್ಧೆ ಇನ್ನೂ ಜಾಸ್ತಿ.

ಇದನ್ನೇ ಹಿಡಿದುಕೊಂಡು ಕೆಲವು ಏಜೆಂಟರು "ಸಹಾಯ ಬೇಕು ಅಂತ ಟಿಕ್ ಹಾಕಬೇಡಿ, ಸೀಟು ಸಿಕ್ಕಿದ ಮೇಲೆ ನೋಡಿಕೊಳ್ಳೋಣ" ಅನ್ನುತ್ತಾರೆ. ಆ ಮಾತು ಕೇಳಲೇಬೇಡಿ. ಸ್ಟ್ಯಾನ್‌ಫರ್ಡಿನಲ್ಲಿ ಅರ್ಜಿ ಹಾಕುವಾಗ ಕೇಳದ ಹೊರದೇಶದ ವಿದ್ಯಾರ್ಥಿ ಆಮೇಲೆ ನಾಲ್ಕು ವರ್ಷವೂ ಕೇಳುವ ಹಾಗಿಲ್ಲ. ಮನೆಯಲ್ಲಿ ಹಣ ಇಲ್ಲ ಅಂದರೆ ಇಲ್ಲ ಅಂತಲೇ ಬರೆಯಬೇಕು. ಅದರಲ್ಲಿ ನಾಚಿಕೆ ಪಡುವುದು ಏನೂ ಇಲ್ಲ.

ಸೀಟಿನ ವಿಷಯಕ್ಕೆ ಬಂದರೆ, ಹಾರ್ವರ್ಡಿಗೆ ಅರ್ಜಿ ಹಾಕಿದ ನೂರರಲ್ಲಿ ಸುಮಾರು ನಾಲ್ಕು ಮಂದಿಗೆ ಸಿಗುತ್ತದೆ. ಆದ್ದರಿಂದ ಪಟ್ಟಿಯಲ್ಲಿ ದೇಶದೊಳಗಿನ ಒಳ್ಳೆಯ ಜಾಗಗಳೂ ಇರಲೇಬೇಕು. ಅದರ ಬಗ್ಗೆ ಮುಂದೆ ಬರೆದಿದ್ದೇನೆ. ಆಕ್ಸ್‌ಫರ್ಡ್, ಕೇಂಬ್ರಿಡ್ಜಿನಲ್ಲಿ ಡಿಗ್ರಿಗೆ ಹೊರದೇಶದವರಿಗೆ ಹಣ ಸಿಗುವುದು ತೀರಾ ಅಪರೂಪ. ಅಲ್ಲಿಗೆ ಹೋಗುವ ಆಸೆ ಇದ್ದರೆ ಡಿಗ್ರಿ ಇಲ್ಲೇ ಮುಗಿಸಿ, ಆಮೇಲೆ ರೋಡ್ಸ್, ಗೇಟ್ಸ್ ಕೇಂಬ್ರಿಡ್ಜ್, ಕ್ಲಾರೆಂಡನ್ ಸ್ಕಾಲರ್‌ಶಿಪ್‌ಗಳಿಗೆ ಪ್ರಯತ್ನ ಮಾಡುವುದೇ ಒಳ್ಳೆಯದು.

2. ಮನೆಯ ಆದಾಯ ಕಾಗದದಲ್ಲಿ ಇರಲಿ

ನಮ್ಮ ಕಡೆಯ ಮಕ್ಕಳು ಎಡವುವುದು ಹೆಚ್ಚಾಗಿ ಇಲ್ಲಿಯೇ. ಅಂಕ ಇರುತ್ತದೆ, ಆಸೆ ಇರುತ್ತದೆ, ಕಾಗದ ಇರುವುದಿಲ್ಲ.

ಅಮೆರಿಕದ ಹೆಚ್ಚಿನ ದೊಡ್ಡ ಕಾಲೇಜುಗಳು ಸಿಎಸ್‌ಎಸ್ ಪ್ರೊಫೈಲ್ ಅನ್ನುವ ಆನ್‌ಲೈನ್ ಅರ್ಜಿಯಲ್ಲಿ ಮನೆಯ ಲೆಕ್ಕ ಕೇಳುತ್ತವೆ. ಸಂಬಳ, ತೆರಿಗೆ ರಿಟರ್ನ್, ಮನೆ, ಜಾಗ, ಬ್ಯಾಂಕಿನ ಹಣ, ಸಾಲ, ಮನೆಯಲ್ಲಿ ಎಷ್ಟು ಜನ, ಎಲ್ಲವೂ. ಸಂಬಳದವರಿಗೆ ಇದು ಸುಲಭ. ಅಪ್ಪ ಗಲ್ಫಿನಲ್ಲಿದ್ದರೆ ಕಂಪನಿಯಿಂದ ಸಂಬಳದ ಪತ್ರ ತರಿಸಿದರೆ ಆಯಿತು. ಕಷ್ಟ ಇರುವುದು ತೋಟದವರಿಗೆ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ಆದ್ದರಿಂದ ರಿಟರ್ನ್ ಹಾಕಿರುವುದಿಲ್ಲ. ಒಂದು ವರ್ಷ ಅಡಿಕೆಗೆ ಒಳ್ಳೆಯ ರೇಟು, ಮುಂದಿನ ವರ್ಷ ಕೊಳೆರೋಗ ಬಂದು ಅರ್ಧ ಫಸಲು ನೆಲಕ್ಕೆ. ಇದನ್ನು ಬಾಸ್ಟನ್‌ನಲ್ಲಿ ಕೂತವರು ಊಹಿಸಿಕೊಳ್ಳಲಾರರು. ನಾವೇ ತೋರಿಸಬೇಕು.

ಒಂದು ನೋಟ್‌ಪುಸ್ತಕ ಇಡಿ. ಪ್ಲಸ್ ವನ್ ಶುರುವಾದ ತಿಂಗಳಿಂದಲೇ. ಎಡಗಡೆ ಬಂದದ್ದು: ಕ್ಯಾಂಪ್ಕೋಗೋ ಅಂಗಡಿಗೋ ಕೊಟ್ಟ ಅಡಿಕೆ, ಹೊಸತು ಎಷ್ಟು ಕೆಜಿ, ಹಳತು ಎಷ್ಟು, ಪಟೋರ ಎಷ್ಟು, ಕರಿಗೋಟು ಎಷ್ಟು, ರೇಟು ಎಷ್ಟು. ಕಾಳುಮೆಣಸು, ತೆಂಗಿನಕಾಯಿ, ರಬ್ಬರ್, ಹಾಲಿನ ಸೊಸೈಟಿಯಿಂದ ಬಂದ ಹಣ, ಅಮ್ಮ ಬೀಡಿ ಕಟ್ಟುವುದಿದ್ದರೆ ಅದರ ಮಜೂರಿ. ಬಲಗಡೆ ಹೋದದ್ದು: ಮದ್ದು ಬಿಟ್ಟವರಿಗೆ, ಕೊಯ್ದವರಿಗೆ, ಸುಲಿದವರಿಗೆ ಕೊಟ್ಟ ಕೂಲಿ, ಗೊಬ್ಬರ, ಪಂಪಿನ ಕರೆಂಟು ಬಿಲ್ಲು, ಸಹಕಾರಿ ಬ್ಯಾಂಕಿಗೆ ಕಟ್ಟಿದ ಬಡ್ಡಿ. ಬಿಲ್ಲುಗಳನ್ನು ಬಿಸಾಡದೆ ಫೋನಿನಲ್ಲಿ ಫೋಟೋ ತೆಗೆದಿಡಿ. ಎರಡು ವರ್ಷದ ಲೆಕ್ಕ ಕೈಯಲ್ಲಿದ್ದರೆ ಅರ್ಜಿ ತುಂಬುವುದು ಒಂದು ಸಂಜೆಯ ಕೆಲಸ.

ಆ ಲೆಕ್ಕದ ಜೊತೆಗೆ ಒಂದು ಪುಟದ ವಿವರಣೆ ಬರೆಯಿರಿ. ಹೀಗೆ, ಸಾದಾ ಮಾತಿನಲ್ಲಿ: "ನಮಗೆ ಎರಡು ಎಕರೆ ಅಡಿಕೆ ತೋಟ ಇದೆ. ಮನೆಯಲ್ಲಿ ಆರು ಜನ. ಹೋದ ವರ್ಷ ಮಾರಾಟದಿಂದ ಬಂದದ್ದು ಇಷ್ಟು, ಖರ್ಚು ಕಳೆದು ಉಳಿದದ್ದು ಇಷ್ಟು. ಮಳೆ ಜಾಸ್ತಿಯಾಗಿ ಕೊಳೆರೋಗ ಬಂದುದರಿಂದ ಈ ವರ್ಷ ಇಳುವರಿ ಕಡಿಮೆ. ಭಾರತದಲ್ಲಿ ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ ಕಾರಣ ನಾವು ರಿಟರ್ನ್ ಸಲ್ಲಿಸುವುದಿಲ್ಲ. ಬಿಲ್ಲುಗಳ ಪ್ರತಿ ಲಗತ್ತಿಸಿದ್ದೇವೆ." ಇದನ್ನು ಇಂಗ್ಲಿಷಿಗೆ ಮಾಡಿ ಅಪ್ಪನ ಸಹಿ ಹಾಕಿಸಿ. ಅಳುವ ಧಾಟಿ ಬೇಡ, ಬಡತನದ ವರ್ಣನೆಯೂ ಬೇಡ. ಲೆಕ್ಕ ಸ್ಪಷ್ಟವಾಗಿದ್ದರೆ ಸಾಕು.

ವಿಲೇಜ್ ಆಫೀಸಿನ ಆದಾಯ ಸರ್ಟಿಫಿಕೇಟಿಗೆ ಅಕ್ಷಯ ಕೇಂದ್ರದಿಂದ ಅರ್ಜಿ ಹಾಕಬಹುದು. ಇಂಗ್ಲಿಷಿನಲ್ಲಿ ಬೇಕು ಅಂತ ಮೊದಲೇ ಹೇಳಿ. ಮಲಯಾಳದ್ದು ಕೊಟ್ಟರೆ ಆಮೇಲೆ ಅನುವಾದ, ದೃಢೀಕರಣ ಅಂತ ಓಡಾಟ. ಇನ್ನೊಂದು ಮುಖ್ಯ ವಿಷಯ: ಸರ್ಟಿಫಿಕೇಟಿನಲ್ಲಿ ಒಂದು ಅಂಕಿ, ಅರ್ಜಿಯಲ್ಲಿ ಇನ್ನೊಂದು ಅಂಕಿ ಇರಬಾರದು. ರೇಷನ್ ಕಾರ್ಡಿಗೋ ಸವಲತ್ತಿಗೋ ಹಿಂದೆ ಕಡಿಮೆ ತೋರಿಸಿದ್ದರೆ, ಈಗ ಸರಿಯಾದದ್ದನ್ನೇ ಮಾಡಿಸಿ. ಸುಳ್ಳು ಅಂಕಿ ಗೊತ್ತಾದರೆ ಸಹಾಯವೂ ಹೋಗುತ್ತದೆ, ಸೀಟೂ ಹೋಗುತ್ತದೆ.

3. ಹೆಸರು ಎಲ್ಲ ಕಡೆ ಒಂದೇ ಇರಲಿ

ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಹೆಸರಿನ ಹಿಂದೆ ಒಂದು ಇನಿಷಿಯಲ್, ಆಧಾರ್‌ನಲ್ಲಿ ಮನೆ ಹೆಸರು, ಇನ್ನೊಂದು ಕಡೆ ಭಟ್ ಅಥವಾ ರೈ. ಅದರಲ್ಲೂ ಸ್ಪೆಲ್ಲಿಂಗ್ ಬೇರೆ ಬೇರೆ. ಇದು ಸಣ್ಣ ವಿಷಯ ಅಲ್ಲ. ಪಾಸ್‌ಪೋರ್ಟ್, ಪರೀಕ್ಷೆಯ ನೋಂದಣಿ, ವೀಸಾ, ಬ್ಯಾಂಕ್ ಸಾಲ ಎಲ್ಲಕ್ಕೂ ಒಂದೇ ಹೆಸರು ಬೇಕು. ಎಸ್‌ಎಸ್‌ಎಲ್‌ಸಿಯಲ್ಲಿ ಇರುವುದೇ ಸರಿ ಅಂತ ಇಟ್ಟುಕೊಂಡು ಉಳಿದದ್ದನ್ನು ಸರಿ ಮಾಡಿಸಿ. ಪಾಸ್‌ಪೋರ್ಟನ್ನು ಪ್ಲಸ್ ವನ್‌ನಲ್ಲೇ ಮಾಡಿಸಿಬಿಡಿ.

ಐಐಟಿ ಮೊದಲಾದ ಕೇಂದ್ರ ಸಂಸ್ಥೆಗಳಿಗೆ ಒಬಿಸಿ ಅಥವಾ ಇಡಬ್ಲ್ಯೂಎಸ್ ಸರ್ಟಿಫಿಕೇಟು ಬೇಕಾದವರು ಗಮನಿಸಿ. ಕೇಂದ್ರದ ನಮೂನೆಯೇ ಬೇರೆ, ಆ ವರ್ಷದ ಏಪ್ರಿಲ್ 1ರ ನಂತರ ಕೊಟ್ಟದ್ದೇ ಆಗಬೇಕು. ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿ ಕೇರಳದ ಕೆಳಗೆ ಇದೆಯಾ ಅಂತ ನೋಡಿ. ಪುತ್ತೂರಿನಲ್ಲಿರುವ ನೆಂಟರಿಗೆ ಸಿಕ್ಕಿದೆ ಅಂತ ನಿಮಗೂ ಸಿಗಬೇಕಾಗಿಲ್ಲ. ಅವರಿಗೆ ಕರ್ನಾಟಕದ ಪಟ್ಟಿ, ನಿಮಗೆ ಕೇರಳದ್ದು.

4. ಪರೀಕ್ಷೆ: ಕನ್ನಡದಲ್ಲಿ ಬರೆಯಬೇಕಾದರೆ ಮಂಗಳೂರು ಸೆಂಟರ್

ಇದು ಎಷ್ಟೋ ಮಕ್ಕಳಿಗೆ ಗೊತ್ತೇ ಇಲ್ಲ. ಜೆಇಇ ಮೈನ್, ನೀಟ್ ಎರಡೂ 13 ಭಾಷೆಗಳಲ್ಲಿ ನಡೆಯುತ್ತವೆ, ಅದರಲ್ಲಿ ಕನ್ನಡವೂ ಇದೆ. ಆದರೆ ಕನ್ನಡ ಪ್ರಶ್ನೆಪತ್ರಿಕೆ ಇಟ್ಟಿರುವುದು ಕರ್ನಾಟಕದ ಸೆಂಟರ್‌ಗಳಲ್ಲಿ. ಕಾಸರಗೋಡು, ಕಣ್ಣೂರು ಅಂತ ಸೆಂಟರ್ ಕೊಟ್ಟರೆ ಕನ್ನಡದ ಆಯ್ಕೆ ಸಿಗುವುದಿಲ್ಲ. ಅರ್ಜಿ ತುಂಬುವಾಗ ಆಯ್ಕೆಯಲ್ಲಿ ಮಂಗಳೂರು ಕಂಡರೆ ಅದನ್ನೇ ಹಾಕಿ. ಕಾಸರಗೋಡಿನಿಂದ ಮಂಗಳೂರು ಸುಮಾರು 50 ಕಿಲೋಮೀಟರ್, ಮಂಜೇಶ್ವರದವರಿಗಂತೂ ಅದೇ ಹತ್ತಿರದ ಪೇಟೆ. ಹತ್ತನೆಯವರೆಗೆ ಕನ್ನಡದಲ್ಲಿ ಓದಿ ಪ್ಲಸ್ ವನ್‌ನಲ್ಲಿ ಇಂಗ್ಲಿಷಿಗೆ ಬಂದ ಮಗುವಿಗೆ, ಪ್ರಶ್ನೆ ಎರಡೂ ಭಾಷೆಯಲ್ಲಿ ಕಣ್ಣೆದುರು ಇರುವುದು ದೊಡ್ಡ ಧೈರ್ಯ. ಆದರೆ ಐಐಟಿಗೆ ಬರೆಯಬೇಕಾದ ಜೆಇಇ ಅಡ್ವಾನ್ಸ್ಡ್ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಆದ್ದರಿಂದ ಇಂಗ್ಲಿಷ್ ಪದಗಳ ರೂಢಿಯನ್ನೂ ಬಿಡಬೇಡಿ.

ಅಮೆರಿಕದ ಹಲವು ದೊಡ್ಡ ಕಾಲೇಜುಗಳಿಗೆ ಎಸ್‌ಎಟಿ ಅನ್ನುವ ಪ್ರವೇಶ ಪರೀಕ್ಷೆ ಬೇಕು. ಕೋವಿಡ್ ಸಮಯದಲ್ಲಿ ಬಿಟ್ಟಿದ್ದ ಎಂಐಟಿ 2022ರಲ್ಲಿ ಮತ್ತೆ ಕಡ್ಡಾಯ ಮಾಡಿತು, ಹಾರ್ವರ್ಡ್, ಡಾರ್ಟ್‌ಮತ್, ಬ್ರೌನ್ 2024ರಲ್ಲಿ ಅದೇ ದಾರಿ ಹಿಡಿದವು. ಪರೀಕ್ಷೆ ಈಗ ಕಂಪ್ಯೂಟರಿನಲ್ಲಿ, ಒಟ್ಟು 1600 ಅಂಕ. ಗಣಿತ ನಮ್ಮ ಮಕ್ಕಳಿಗೆ ಕಷ್ಟ ಆಗುವುದಿಲ್ಲ. ಓದುವ ಭಾಗಕ್ಕೆ ತಯಾರಿ ಬೇಕು. ಕೋಚಿಂಗಿಗೆ ಸಾವಿರಗಟ್ಟಲೆ ಕೊಡುವ ಮೊದಲು ಖಾನ್ ಅಕಾಡೆಮಿಯ ಉಚಿತ ಪಾಠ ನೋಡಿ. ಪರೀಕ್ಷೆಯ ಫೀಸು 100 ಡಾಲರ್ ದಾಟುತ್ತದೆ, ಹಾಗಾಗಿ ತಯಾರಿ ಇಲ್ಲದೆ ಸುಮ್ನೆ ಒಂದು ಸಲ ನೋಡೋಣ ಅಂತ ಹೋಗಬೇಡಿ. ಇಂಗ್ಲಿಷ್ ಪರೀಕ್ಷೆಗೆ ಡ್ಯುಯೊಲಿಂಗೊ ಆದರೆ ಮನೆಯಲ್ಲೇ ಕೂತು ಬರೆಯಬಹುದು, ಟೋಫೆಲ್‌ಗಿಂತ ಖರ್ಚೂ ಕಡಿಮೆ. ಆದರೆ ಕರೆಂಟು, ನೆಟ್ ಎರಡೂ ಗಟ್ಟಿ ಇರುವ ಜಾಗ ಬೇಕು. ಜುಲೈಯ ಮಳೆಯಲ್ಲಿ ಬುಕ್ ಮಾಡಬೇಡಿ.

ಅರ್ಜಿಯ ಫೀಸು ಕಾಲೇಜೊಂದಕ್ಕೆ ಹೆಚ್ಚಾಗಿ 75-90 ಡಾಲರ್ ಆಸುಪಾಸು. ಕಷ್ಟ ಇದ್ದವರಿಗೆ ಅದನ್ನು ಮಾಫಿ ಮಾಡುವ ವ್ಯವಸ್ಥೆ ಅರ್ಜಿಯಲ್ಲೇ ಇದೆ, ಕೇಳಿ.

5. ಪ್ರಬಂಧ ಮತ್ತು ಮಾಸ್ಟ್ರ ಪತ್ರ

ಅಮೆರಿಕದ ಹಲವು ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ಕಾಮನ್ ಆಪ್‌ನಲ್ಲಿ 650 ಪದದವರೆಗಿನ ಒಂದು ಪ್ರಬಂಧ ಇದೆ. ಇದನ್ನು ಹಣ ತೆಗೆದುಕೊಂಡು ಬರೆದುಕೊಡುವವರು ಮಂಗಳೂರಿನಲ್ಲಿ, ಬೆಂಗಳೂರಿನಲ್ಲಿ ಬೇಕಾದಷ್ಟು ಇದ್ದಾರೆ. ಅವರು ಬರೆದದ್ದು ಓದಿದರೆ ಎಲ್ಲ ಮಕ್ಕಳೂ ಒಂದೇ ಥರ ಕಾಣುತ್ತಾರೆ. ನೀವೇ ಬರೆಯಿರಿ.

ನಿಮ್ಮಲ್ಲಿ ಇರುವ ವಿಷಯ ಬೇರೆಯವರಲ್ಲಿ ಇಲ್ಲ. ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ, ಶಾಲೆಯಲ್ಲಿ ಕನ್ನಡ, ಆಫೀಸಿನಲ್ಲಿ ಮಲಯಾಳ, ಲ್ಯಾಬಿನಲ್ಲಿ ಇಂಗ್ಲಿಷ್. ಅಜ್ಜನ ಅರ್ಜಿ ನೀವೇ ಬರೆದುಕೊಟ್ಟಿರುತ್ತೀರಿ, ಪಂಚಾಯತ್ ನೋಟೀಸನ್ನು ಅಮ್ಮನಿಗೆ ಓದಿ ಹೇಳಿರುತ್ತೀರಿ. ಇದು ಕೆಲಸವೇ ಅಲ್ವಾ? ಬರೆಯಿರಿ. ನಮ್ಮ ಗುಡ್ಡೆಗಳಲ್ಲಿ ಅಗೆದ ಸುರಂಗದ ನೀರನ್ನು ಕುಡಿದು ಬೆಳೆದ ಹುಡುಗಿ, ಕೊಡಪಾನ ತುಂಬಲು ಡಿಸೆಂಬರಿನಲ್ಲಿ ಎಷ್ಟು ನಿಮಿಷ, ಏಪ್ರಿಲ್‌ನಲ್ಲಿ ಎಷ್ಟು ನಿಮಿಷ ಅಂತ ವಾರವಾರ ಬರೆದಿಟ್ಟರೆ ಅದೇ ಒಂದು ವಿಜ್ಞಾನದ ಕೆಲಸ. ಹತ್ತಿರದ ಸುರಂಗದ ಜೊತೆ ಹೋಲಿಸಿದರೆ, ಮೇಲಿನ ಗುಡ್ಡೆಯಲ್ಲಿ ರಬ್ಬರ್ ಹಾಕಿದ ಮೇಲೆ ನೀರು ಏನಾಯಿತು ಅಂತ ಊರವರನ್ನು ಕೇಳಿದರೆ, ಹೇಳಲು ವಿಷಯ ಇನ್ನೂ ಗಟ್ಟಿ. ಯಾವ ದುಬಾರಿ ಬೇಸಿಗೆ ಕ್ಯಾಂಪಿನ ಸರ್ಟಿಫಿಕೇಟೂ ಇದಕ್ಕೆ ಸಮ ಅಲ್ಲ ಅಂತ ನಾನು ನಂಬಿದ್ದೇನೆ. ಯಕ್ಷಗಾನದಲ್ಲಿ ಚೆಂಡೆ ಕಲಿತಿದ್ದರೆ, ತಾಳಮದ್ದಳೆಯಲ್ಲಿ ಅರ್ಥ ಹೇಳಿದ್ದರೆ ಅದನ್ನೂ ಚಟುವಟಿಕೆಯ ಪಟ್ಟಿಯಲ್ಲಿ ಹಾಕಿ, ವಾರಕ್ಕೆ ಎಷ್ಟು ಗಂಟೆ ಅಂತ ಸಮೇತ. ತೋಟದ ಕೆಲಸವೂ ಚಟುವಟಿಕೆಯೇ.

ಎಂಡೋಸಲ್ಫಾನ್ ಕೀಟನಾಶಕದಿಂದ ಆದ ನೋವಿನ ಬಗ್ಗೆ ಒಂದು ಮಾತು. ಎಣ್ಮಕಜೆ ಕಡೆಯ ಮಕ್ಕಳು ಅದನ್ನು ಬರೆಯಬಾರದು ಅಂತಲ್ಲ. ಆದರೆ ಬೇರೆಯವರ ನೋವನ್ನು ತೋರಿಸಿ ಸೀಟು ಕೇಳಿದ ಹಾಗೆ ಆಗಬಾರದು. ನಿಮ್ಮ ಮನೆಯ ಅನುಭವ ಇದ್ದರೆ, ನೀವು ಏನಾದರೂ ಮಾಡಿದ್ದರೆ ಬರೆಯಿರಿ. ಇಲ್ಲದಿದ್ದರೆ ಬಿಡಿ.

ಶಿಫಾರಸು ಪತ್ರಕ್ಕೆ ಇಬ್ಬರು ಅಧ್ಯಾಪಕರು, ಜೊತೆಗೆ ಶಾಲೆಯ ಪರವಾಗಿ ಪ್ರಿನ್ಸಿಪಾಲರು ಬೇಕು. ನಮ್ಮ ಶಾಲೆಗಳಲ್ಲಿ ಯಾರೂ ಇಂಥ ಪತ್ರ ಬರೆದಿರುವುದಿಲ್ಲ. "ಒಳ್ಳೆಯ ನಡತೆಯ ವಿದ್ಯಾರ್ಥಿ" ಅಂತ ಎರಡು ಸಾಲಿನ ಸರ್ಟಿಫಿಕೇಟು ಬರೆದು ಸೀಲು ಹೊಡೆದು ಕೊಟ್ಟುಬಿಡುತ್ತಾರೆ. ಅದು ಸಾಲದು. ಆಗಸ್ಟಿನಲ್ಲೇ ಹೋಗಿ "ಟೀಚರೇ, ನಾನು ಕ್ಲಾಸಿನಲ್ಲಿ ಮಾಡಿದ ಒಂದೆರಡು ಸಂಗತಿ ನೆನಪಿದ್ದರೆ ಅದನ್ನು ಬರೆಯಬಹುದಾ?" ಅಂತ ಕೇಳಿ. ಟೀಚರಿಗೆ ಕನ್ನಡದಲ್ಲೇ ಬರೆಯುವುದು ಸಲೀಸಾದರೆ ಹಾಗೇ ಬರೆಯಲಿ. ಶಾಲೆಯ ಇಂಗ್ಲಿಷ್ ಅಧ್ಯಾಪಕರು ಅನುವಾದಿಸಿ ಎರಡನ್ನೂ ಸೇರಿಸಿ ಕಳಿಸಬಹುದು. ಒಂಬತ್ತನೆಯಿಂದ ಮುಂದಿನ ಎಲ್ಲ ಕ್ಲಾಸಿನ ಅಂಕಪಟ್ಟಿಗೂ ಇದೇ ಕ್ರಮ. ನವೆಂಬರ್ 1ಕ್ಕೆ ಅರ್ಜಿಯ ಮೊದಲ ಸುತ್ತಿನ ಕೊನೆಯ ದಿನ, ಜನವರಿ ಮೊದಲ ವಾರದಲ್ಲಿ ಎರಡನೆಯದು. ಅದಾದ ಮೇಲೆ ಮಾರ್ಚಿನಲ್ಲಿ ಪ್ಲಸ್ ಟು ಪರೀಕ್ಷೆ.

6. ದೇಶದೊಳಗೆ

ಐಐಟಿಯಲ್ಲಿ ಬಿ.ಟೆಕ್. ಟ್ಯೂಷನ್ ಫೀಸು ವರ್ಷಕ್ಕೆ 2 ಲಕ್ಷ. ಎಸ್‌ಸಿ, ಎಸ್‌ಟಿ ಮತ್ತು ಅಂಗವಿಕಲ ವಿದ್ಯಾರ್ಥಿಗಳಿಗೆ ಅದು ಪೂರ್ತಿ ಮಾಫಿ. ಮನೆಯ ಆದಾಯ 1 ಲಕ್ಷಕ್ಕಿಂತ ಕಡಿಮೆ ಇದ್ದರೂ ಪೂರ್ತಿ ಮಾಫಿ, 1ರಿಂದ 5 ಲಕ್ಷದವರೆಗೆ ಮೂರರಲ್ಲಿ ಎರಡು ಪಾಲು ಮಾಫಿ. ಹಾಸ್ಟೆಲ್, ಮೆಸ್ಸಿನ ಖರ್ಚು ಬೇರೆ.

ವಿಜ್ಞಾನದ ಆಸೆ ಇರುವವರು ಬೆಂಗಳೂರಿನ ಐಐಎಸ್‌ಸಿ, ತಿರುವನಂತಪುರ ಮತ್ತು ತಿರುಪತಿಯ ಐಸರ್ ನೋಡಿ. ಮೂಲ ವಿಜ್ಞಾನ ಓದುವ ಅರ್ಹರಿಗೆ ಇನ್‌ಸ್ಪೈರ್ ಸ್ಕಾಲರ್‌ಶಿಪ್ ವರ್ಷಕ್ಕೆ 80 ಸಾವಿರ. ರಿಲಯನ್ಸ್ ಫೌಂಡೇಶನ್ ಡಿಗ್ರಿ ಮಕ್ಕಳಿಗೆ ಒಟ್ಟು 2 ಲಕ್ಷದವರೆಗೆ ಕೊಡುತ್ತದೆ. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಇಲಾಖೆಯಿಂದ ವರ್ಷಕ್ಕೆ 25 ಸಾವಿರದವರೆಗೆ ಸಿಗುತ್ತದೆ, ಅಮ್ಮನ ಬೀಡಿ ಗುರುತಿನ ಚೀಟಿ ಬೇಕು. ಖಾಸಗಿಯಲ್ಲಿ ಅಶೋಕ ಮತ್ತು ಅಜೀಂ ಪ್ರೇಮ್‌ಜಿ ಯೂನಿವರ್ಸಿಟಿಗಳು ಮನೆಯ ಆದಾಯ ನೋಡಿ ಫೀಸು ಇಳಿಸುತ್ತವೆ.

ಕರ್ನಾಟಕದ ಕಾಲೇಜುಗಳ ಬಗ್ಗೆ: ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುವ ಪ್ರವೇಶ ಪರೀಕ್ಷೆ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆ ಅಂತ ವಿಭಾಗ ಇದೆ, ಅದಕ್ಕೆ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ಯಾವ ತಾಲೂಕು, ಎಷ್ಟು ವರ್ಷದ ಓದು ಅನ್ನುವ ನಿಯಮಗಳನ್ನು ಆ ವರ್ಷದ ಕೈಪಿಡಿಯಲ್ಲಿ ಓದಿಯೇ ತುಂಬಿ. ಆದರೆ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನ ಕರ್ನಾಟಕ ಮೀಸಲಾತಿ ಕರ್ನಾಟಕದಲ್ಲೇ 10 ವರ್ಷ ಓದಿದವರಿಗೆ. ನಮ್ಮ ಮಕ್ಕಳು ಅಲ್ಲಿ ಸಾಮಾನ್ಯ ಸೀಟಿಗೇ ಸ್ಪರ್ಧಿಸಬೇಕು.

7. ಸಾಲ ಮಾಡುವುದಾದರೆ

2024ರ ನವೆಂಬರಿನಲ್ಲಿ ಕೇಂದ್ರ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ದೇಶದ ಆಯ್ದ ಉತ್ತಮ ಸಂಸ್ಥೆಗಳಲ್ಲಿ ಸೀಟು ಸಿಕ್ಕಿದವರಿಗೆ ಜಾಮೀನು, ಅಡಮಾನ ಇಲ್ಲದೆ ಸಾಲ ಸಿಗುತ್ತದೆ. ಆದಾಯ 8 ಲಕ್ಷದವರೆಗೆ ಇದ್ದರೆ, 10 ಲಕ್ಷದವರೆಗಿನ ಸಾಲಕ್ಕೆ ಕಂತು ಶುರುವಾಗುವವರೆಗೆ ಬಡ್ಡಿಯಲ್ಲಿ 3 ಶೇಕಡಾ ರಿಯಾಯಿತಿಗೆ ಅರ್ಜಿ ಹಾಕಬಹುದು. ಇದು ವಿದೇಶಕ್ಕೆ ಇಲ್ಲ.

ಸಾಮಾನ್ಯ ಶಿಕ್ಷಣ ಸಾಲದಲ್ಲಿ 4 ಲಕ್ಷದವರೆಗೆ ಏನೂ ಅಡ ಇಡಬೇಕಾಗಿಲ್ಲ, 7.5 ಲಕ್ಷದ ಮೇಲೆ ಆಸ್ತಿ ಕೇಳುತ್ತಾರೆ. ಇಲ್ಲಿ ನಮ್ಮ ಕಡೆಯವರಿಗೆ ಒಂದು ತೊಡಕು. ಅಡಿಕೆ ತೋಟ ಕೃಷಿ ಜಮೀನು, ಅದನ್ನು ಶಿಕ್ಷಣ ಸಾಲಕ್ಕೆ ಅಡವಾಗಿ ತೆಗೆದುಕೊಳ್ಳಲು ಬ್ಯಾಂಕಿನವರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಮನೆ ಇರುವ ಜಾಗ, ಡಿಪಾಸಿಟ್, ಎಲ್‌ಐಸಿ ಪಾಲಿಸಿ ಕೇಳುತ್ತಾರೆ. ಜಾಗದ ಆಧಾರಪತ್ರ, ತೀರ್ವೆ ರಶೀದಿ, ಕೈವಶ ಸರ್ಟಿಫಿಕೇಟು ತೆಗೆದಿಡಿ. ಜಾಗ ಇನ್ನೂ ಅಜ್ಜನ ಹೆಸರಲ್ಲೇ ಇದ್ದು ಪಾಲಾಗದಿದ್ದರೆ, ಆ ಮಾತನ್ನು ಮನೆಯಲ್ಲಿ ಎರಡು ವರ್ಷ ಮೊದಲೇ ಎತ್ತಬೇಕು. ಸೀಟು ಸಿಕ್ಕಿದ ವಾರದಲ್ಲಿ ಅದು ಮುಗಿಯುವ ಕೆಲಸ ಅಲ್ಲ.

ಕಂತು ಎಷ್ಟು ಬರುತ್ತದೆ ಅಂತ ಸಹಿ ಹಾಕುವ ಮೊದಲೇ ಗುಣಿಸಿ ನೋಡಿ. 20 ಲಕ್ಷ ಸಾಲ, 10 ಶೇಕಡಾ ಬಡ್ಡಿ, 10 ವರ್ಷ ಅಂದರೆ ತಿಂಗಳಿಗೆ ಸುಮಾರು 26,400 ರೂಪಾಯಿ. 40 ಲಕ್ಷಕ್ಕೆ ಅದರ ಎರಡರಷ್ಟು. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟದೆ ಇರಬಹುದು, ಆದರೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಡಿಗ್ರಿಗೆ ಮನೆ ಅಡವಿಟ್ಟು ವಿದೇಶಕ್ಕೆ ಹೋಗಬೇಡಿ. ಪೂರ್ತಿ ಸಹಾಯ ಕೊಡುವ ಕಾಲೇಜು ಸಿಕ್ಕಿದರೆ ಹೋಗಿ. ಇಲ್ಲವಾದರೆ ಇಲ್ಲಿ ಓದಿ, ಎಂ.ಎಸ್ಸಿ.ಗೋ ಪಿಎಚ್.ಡಿ.ಗೋ ಹೋಗಿ. ಅಮೆರಿಕದ ಒಳ್ಳೆಯ ಯೂನಿವರ್ಸಿಟಿಗಳಲ್ಲಿ ವಿಜ್ಞಾನದ ಪಿಎಚ್.ಡಿ.ಗೆ ಫೀಸು ಇರುವುದಿಲ್ಲ, ತಿಂಗಳ ಖರ್ಚಿಗೂ ಅವರೇ ಕೊಡುತ್ತಾರೆ.

8. ಉತ್ತರ ಬಂದ ಮೇಲೆ

ಮಾರ್ಚ್ ಕೊನೆಯ ಹೊತ್ತಿಗೆ ಉತ್ತರ ಬರುತ್ತದೆ, ಮೇ 1ರೊಳಗೆ ಒಪ್ಪಿಗೆ ಹೇಳಬೇಕು. ಪತ್ರದಲ್ಲಿ ಸಹಾಯದ ಮೊತ್ತ ವಿಂಗಡಿಸಿ ಬರೆದಿರುತ್ತದೆ. ಗ್ರ್ಯಾಂಟ್ ಅಂದರೆ ವಾಪಸು ಕೊಡಬೇಕಾಗಿಲ್ಲ. ಲೋನ್ ಅಂದರೆ ಕೊಡಬೇಕು. ವರ್ಕ್ ಅಂತ ಇದ್ದರೆ ಕ್ಯಾಂಪಸ್ಸಿನಲ್ಲಿ ವಾರಕ್ಕೆ ಕೆಲವು ಗಂಟೆ ದುಡಿದು ಗಳಿಸಬೇಕಾದದ್ದು. ಮೂರನ್ನೂ ಒಟ್ಟು ಮಾಡಿ ಖುಷಿಪಡಬೇಡಿ, ಗ್ರ್ಯಾಂಟನ್ನು ಬೇರೆಯೇ ನೋಡಿ. ಮನೆಯ ಪಾಲು ಅಂತ ಅವರು ಹಾಕಿದ ಅಂಕಿ ಕೈಗೆ ಎಟುಕದಿದ್ದರೆ ಆರ್ಥಿಕ ಸಹಾಯದ ಆಫೀಸಿಗೆ ಬರೆಯಿರಿ. ಫಸಲು ಹೋಗಿದ್ದರೆ, ಮನೆಯಲ್ಲಿ ಯಾರಿಗಾದರೂ ಆಸ್ಪತ್ರೆ ಖರ್ಚು ಬಂದಿದ್ದರೆ ಬಿಲ್ಲು ಸಮೇತ ಕಳಿಸಿ. ಹಾಗೆ ಕೇಳಿದವರ ಲೆಕ್ಕವನ್ನು ಮತ್ತೊಮ್ಮೆ ನೋಡುವುದು ಅಲ್ಲಿನ ರೂಢಿ, ಕೇಳಿದ್ದಕ್ಕೆ ಸೀಟು ಕಿತ್ತುಕೊಳ್ಳುವುದಿಲ್ಲ.

ಹೊರಡುವ ಮೊದಲಿನ ಖರ್ಚಿಗೆ ಕೈಯಲ್ಲಿ ಹಣ ಬೇಕು. ಹೊರದೇಶದ ವಿದ್ಯಾರ್ಥಿಗಳ ನೋಂದಣಿಗೆ ಕಟ್ಟುವ ಸೆವಿಸ್ ಫೀಸು 350 ಡಾಲರ್, ವೀಸಾ ಅರ್ಜಿಗೆ 185 ಡಾಲರ್, ವೀಸಾ ಸಂದರ್ಶನಕ್ಕೆ ಚೆನ್ನೈಗೆ ಹೋಗಿ ಬರುವುದು, ವಿಮಾನದ ಟಿಕೆಟು, ಚಳಿಯ ಬಟ್ಟೆ. ಹಾರ್ವರ್ಡ್ ಕಡಿಮೆ ಆದಾಯದವರಿಗೆ ಮೊದಲ ವರ್ಷ 2,000 ಡಾಲರ್ ಕೊಡುತ್ತದೆ. ಬೇರೆ ಕೆಲವು ಕಾಲೇಜುಗಳು ಪ್ರಯಾಣದ ಖರ್ಚನ್ನೂ ಸೇರಿಸುತ್ತವೆ, ಆದರೆ ಹಣ ಕೈಗೆ ಬರುವುದು ಅಲ್ಲಿಗೆ ತಲುಪಿದ ಮೇಲೆ ಇರಬಹುದು. ಟಿಕೆಟು ಮುಂಗಡವಾಗಿ ಮಾಡಿಸಿಕೊಡುತ್ತೀರಾ ಅಂತ ಒಂದು ಇಮೇಲ್ ಹಾಕಿ ಕೇಳಿ. ಇಲ್ಲ ಅಂದರೆ ಆ ಮೊತ್ತಕ್ಕೆ ಮಾತ್ರ ಸೊಸೈಟಿಯಲ್ಲಿ ಸಣ್ಣ ಸಾಲ ಸಾಕು.